ಮಂಜು ಹಿಡಿಯದ ಗಾಜು

9 ಫೆಬ್ರವರಿ 1999

ಪ್ರೀತಿಯ ಗುಬ್ಬಿಗೆ,

ನಿನ್ನ ಇಪ್ಪತ್ತೆರಡು ಪ್ರಶ್ನೆಗಳ ಪಟ್ಟಿ ತಲುಪಿತು. ಒಡಹುಟ್ಟಿದ ಅಕ್ಕನಿಗೆ ‘ಮಾನ್ಯರೇ’ ಎಂದು ಶುರುಮಾಡಿ ಕಾಗದ ಬರೆಯುವ ತಂಗಿ ಲೋಕದಲ್ಲಿ ನೀನೊಬ್ಬಳೇ ಇರಬೇಕು. ಫೋನಿನಲ್ಲೇ ಕೇಳಬಾರದಿತ್ತೇ ಎಂದರೆ, ಪೇಟೆಂಟ್ ಕೆಲಸದಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ, ತಾರೀಖು ಹಾಕಿ ಬರೆ ಎನ್ನುತ್ತೀಯ. ಆಗಲಿ ತಾಯಿ, ಹಾಕಿದ್ದೇನೆ.

ನಿನ್ನ ಭಾವ ಮೊದಲ ಪ್ರಶ್ನೆ ಓದಿ, ನಾನು ಹೇಳುತ್ತೇನೆ ನೀನು ಬರೆದುಕೋ ಎಂದರು. ಮೂರನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಗಿರಾಕಿ ಬಂದರೆಂದು ಎದ್ದುಹೋದರು. ಉಳಿದದ್ದೆಲ್ಲ ನನ್ನ ತಲೆಗೇ ಬಿತ್ತು.

ಏನನ್ನು ಕಂಡುಹಿಡಿದಿದ್ದೀರಿ? ಹಬೆ ತಾಗಿದರೂ ಮಂಜು ಹಿಡಿಯದ ಕನ್ನಡಕದ ಗಾಜು. ಯಾರಿಗೆ ಬೇಕು? ಕುದಿಯುವ ಪಾತ್ರೆಯ ಮುಂದೆ ನಿಲ್ಲುವ ಅಡುಗೆಯವರಿಗೆ, ಇಸ್ತ್ರಿಯವರಿಗೆ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಆಪರೇಷನ್ ಮಾಡುವ ಡಾಕ್ಟರಿಗೆ. ನಮ್ಮ ಬೀದಿಯ ಕೊನೆಯ ಆಸ್ಪತ್ರೆಯ ಸರ್ಜನ್ ಮೂರು ವರ್ಷದಿಂದ ಇದನ್ನೇ ಹಾಕಿಕೊಳ್ಳುತ್ತಿದ್ದಾರೆ. ಮೊದಲೆಲ್ಲ ಅವರ ಕನ್ನಡಕ ಒರೆಸಲಿಕ್ಕೆಂದೇ ಪಕ್ಕದಲ್ಲಿ ಒಬ್ಬ ನರ್ಸ್ ನಿಲ್ಲಬೇಕಿತ್ತಂತೆ.

ಹೇಗೆ ಮಾಡುತ್ತೀರಿ? ಇವರು ಗಾಜನ್ನು ಉಜ್ಜಿ ಅಳತೆಗೆ ತರುತ್ತಾರೆ. ಮೈತುಂಬ ಕೆಂಪು ಪಾಲಿಶ್ ಪುಡಿ ಮೆತ್ತಿಕೊಂಡ ಆ ಗಾಜುಗಳು ತಟ್ಟೆಯಲ್ಲಿ ಹಿತ್ತಲ ಬಚ್ಚಲಿಗೆ ಬರುತ್ತವೆ. ಅಲ್ಲಿ ನಾನು ತೊಳೆದು ಒರೆಸುತ್ತೇನೆ. ಒಣ ಬಟ್ಟೆಯಾದರೆ ಗೀರು ಬೀಳುತ್ತದೆ. ಅದಕ್ಕೆ ಇವರ ಅಂಗಿಗೆ ಹಾಕಿ ಮಿಕ್ಕ ಗಂಜಿ ನೀರಿಗೆ ಚಿಟಿಕೆ ಪಟಿಕ ಬೆರೆಸಿ, ಹಳೆಯ ಬಟ್ಟೆಯೊಂದನ್ನು ಅದ್ದಿ ಹಿಂಡಿ ಇಟ್ಟುಕೊಂಡಿರುತ್ತೇನೆ. ನಗಬೇಡ, ಬಡವರ ಮನೆಯ ಬುದ್ಧಿ. ಆಮೇಲೆ ಇವರ ನಿಜವಾದ ಕೆಲಸ. ಏಳು ವರ್ಷ ತಲೆಕೆಡಿಸಿಕೊಂಡು ಮಾಡಿದ ದ್ರಾವಣದಲ್ಲಿ ಗಾಜನ್ನು ಅದ್ದಿ, ಚಿಕ್ಕ ಓವನ್ನಿನಲ್ಲಿ ಮೂರು ಗಂಟೆ ಹದವಾಗಿ ಕಾಯಿಸುತ್ತಾರೆ. ದ್ರಾವಣದ ಅಳತೆಗಳನ್ನು ಬೇರೆ ಹಾಳೆಯಲ್ಲಿ ಅವರೇ ಬರೆದಿದ್ದಾರೆ. ಅಕ್ಷರ ಓದಲಿಕ್ಕಾದರೆ ನಿನ್ನ ಪುಣ್ಯ.

ಎಂಟನೆಯ ಪ್ರಶ್ನೆ, ಈ ಆವಿಷ್ಕಾರದಲ್ಲಿ ಯಾರು ಯಾರ ಪಾಲಿದೆ? ಇವರೊಬ್ಬರದೇ. ಅಂಗಡಿಯಲ್ಲಿರುವುದೇ ನಾವಿಬ್ಬರು.

ನೀನು ಈ ಕೆಲಸವನ್ನು ಬೇಗ ಮುಗಿಸಿಕೊಡಬೇಕು. ದೊಡ್ಡ ಕನ್ನಡಕ ಕಂಪನಿಯವರು ಎರಡು ಸಲ ಬಂದು ಗಾಜನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡು ಹೋದರು. ಎಲ್ಲವನ್ನೂ ಮಾರಿಬಿಡಿ ಎಂದರು, ಇವರು ಆಗುವುದಿಲ್ಲ ಎಂದರು. ಅಂದಿನಿಂದ ನನಗೆ ಒಂದೇ ಸಮನೆ ಅಳುಕು.

ನಿನ್ನ ಅಕ್ಕ

*

26 ಫೆಬ್ರವರಿ 1999

ಅಕ್ಕಾ,

ಒಂಬತ್ತು ಹಾಳೆ ಬರೆದಿದ್ದೀಯ. ಅದರಲ್ಲಿ ನರ್ಸ್, ಗಿರಾಕಿ, ಭಾವನ ಅಕ್ಷರ, ನಿನ್ನ ಅಳುಕು ಎಲ್ಲ ಇವೆ. ಕೆಂಪು ಪೆನ್ನು ಹಿಡಿದು ಕೂತು ಎರಡೂವರೆ ಹಾಳೆಗೆ ಇಳಿಸಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ, ನನಗೆ ಸಂಬಳ ಕೊಡುವುದೇ ಇದಕ್ಕೆ.

ಪೇಟೆಂಟ್ ಎಂದರೆ ಲೋಕದ ಜೊತೆ ಒಂದು ಕರಾರು. ನಾವು ಗುಟ್ಟನ್ನು ಪೂರ್ತಿ ಬಿಚ್ಚಿಡಬೇಕು, ಬದಲಿಗೆ ಹದಿನಾಲ್ಕು ವರ್ಷ ಲೋಕ ಕೈಕಟ್ಟಿ ನಿಲ್ಲಬೇಕು. ಬಿಚ್ಚಿಡಲು ಮನಸ್ಸಿಲ್ಲದವರು ಗುಟ್ಟನ್ನು ಗುಟ್ಟಾಗಿಯೇ ಕಾಯ್ದುಕೊಳ್ಳಬಹುದು. ಆದರೆ ಇನ್ನೊಬ್ಬರು ತಾವಾಗಿ ಕಂಡುಕೊಂಡ ದಿನ ಬಾಯಿ ಬಡಿದುಕೊಂಡರೂ ಪ್ರಯೋಜನವಿಲ್ಲ. ಕಂಪನಿಯವರ ಹತ್ತಿರ ಪ್ರಯೋಗಾಲಯವೇ ಇದೆ, ದ್ರಾವಣದಲ್ಲಿ ಏನೇನಿದೆ ಎಂದು ಅವರು ಇಂದಲ್ಲ ನಾಳೆ ಪತ್ತೆಹಚ್ಚುತ್ತಾರೆ. ಆದ್ದರಿಂದ ನಮಗೆ ಪೇಟೆಂಟೇ ಸರಿ. ಗಾಜಿಗೆ ಒಂದು ಹೆಸರಿಟ್ಟು ಅದನ್ನೂ ನೋಂದಾಯಿಸೋಣ. ಪೇಟೆಂಟ್ ಮುಗಿದ ಮೇಲೂ ಹೆಸರು ಉಳಿಯುತ್ತದೆ.

ಭಾವನಿಗೆ ಒಂದು ಮಾತು ಒತ್ತಿ ಹೇಳು. ಕುಸ್ತಿಯ ಗುರು ಶಿಷ್ಯನಿಗೆ ಎಲ್ಲವನ್ನೂ ಕಲಿಸಿ ಒಂದು ಪಟ್ಟನ್ನು ಮಾತ್ರ ತನಗೆಂದು ಉಳಿಸಿಕೊಳ್ಳುತ್ತಾನಂತೆ. ಇಲ್ಲಿ ಆ ಜಾಣತನ ನಡೆಯುವುದಿಲ್ಲ. ಒಂದು ಹಂತ ಮುಚ್ಚಿಟ್ಟರೂ ಇಡೀ ಪೇಟೆಂಟ್ ಬಿದ್ದುಹೋಗುತ್ತದೆ. ಜೊತೆಗಿರುವ ಕಾಗದಗಳಿಗೆ ಅವರ ಸಹಿ ಹಾಕಿಸಿ ಕಳಿಸು.

ಗುಬ್ಬಿ

*

3 ಜೂನ್ 2001

ಪ್ರೀತಿಯ ಗುಬ್ಬಿಗೆ,

ಪೇಟೆಂಟ್ ಬಂತೆಂದು ಹಿಗ್ಗಿದ್ದೇ ಹಿಗ್ಗಿದ್ದು. ಕನ್ನಡಕ ವ್ಯಾಪಾರಿಗಳ ಸಂಘದವರು ಇವರನ್ನು ಕರೆದು ‘ಮಂಜನ್ನು ಗೆದ್ದ ಮನುಷ್ಯ’ ಎಂದು ಹಿತ್ತಾಳೆ ಫಲಕ ಕೊಟ್ಟರು. ಅಂಗಡಿಯಲ್ಲಿ ನೇತುಹಾಕಿ ದಿನಾ ಅದಕ್ಕೆ ಉಫ್ ಎಂದು ಊದಿ ಒರೆಸುತ್ತಾರೆ. ಪಾಪ, ಅದು ಮಾತ್ರ ಮಂಜು ಹಿಡಿಯುತ್ತದೆ.

ಇವತ್ತು ರಿಜಿಸ್ಟರ್ಡ್ ಪತ್ರ ಬಂತು. ಆ ಕಂಪನಿಯವರು ತಕರಾರು ಹಾಕಿದ್ದಾರೆ. ನಾವು ಬರೆದಂತೆ ಚಾಚೂ ತಪ್ಪದೆ ನೂರ ನಲವತ್ತು ಗಾಜು ಮಾಡಿದರಂತೆ, ನೂರ ನಲವತ್ತೂ ಮಂಜು ಹಿಡಿದವಂತೆ. ಇದು ಆವಿಷ್ಕಾರವೇ ಅಲ್ಲ, ಮೋಸ ಎಂದು ಬರೆದಿದ್ದಾರೆ. ಆ ಪದ ಓದಿ ನನ್ನ ಎದೆ ಧಸಕ್ಕೆಂದಿತು. ಇವರಿಗೆ ಹೆದರಿಕೆಯೇ ಇಲ್ಲ. ಆಗಸ್ಟಿನಲ್ಲಿ ಅಧಿಕಾರಿಗಳ ಎದುರಿಗೆ ತಾವೇ ಮಾಡಿ ತೋರಿಸಬೇಕೆಂದು ಓದಿ ನಕ್ಕುಬಿಟ್ಟರು. ಕಣ್ಣು ಕಟ್ಟಿದರೂ ಮಾಡುತ್ತೇನೆ ಎನ್ನುತ್ತಾರೆ.

ಅಲ್ಲಿಗೆ ಆವಿಷ್ಕಾರಕರಿಗೆ ಮತ್ತು ವಕೀಲರಿಗೆ ಮಾತ್ರ ಪ್ರವೇಶವಂತೆ. ಇವರನ್ನು ನೀನೇ ನೋಡಿಕೋ. ಗಾಬರಿಯಾದರೆ ಇವರಿಗೆ ಬಿಕ್ಕಳಿಕೆ ಬರುತ್ತದೆ.

ನಿನ್ನ ಅಕ್ಕ

*

14 ಆಗಸ್ಟ್ 2001

ಅಕ್ಕಾ,

ಭಾವ ಊರು ತಲುಪುವ ಮೊದಲೇ ಈ ಕಾಗದ ನಿನಗೆ ಸಿಕ್ಕರೆ ಒಳ್ಳೆಯದು.

ಪ್ರಯೋಗಾಲಯದಲ್ಲಿ ಬಿಳಿ ಟೈಲ್ಸಿನ ಕೋಣೆ, ಉದ್ದನೆಯ ಮೇಜು, ಕೊನೆಯಲ್ಲಿ ಒಂದು ವಿದ್ಯುತ್ ಕೆಟಲ್. ಭಾವನ ಓವನ್ನು, ಭಾವನ ದ್ರಾವಣ, ಭಾವ ತಾವೇ ಉಜ್ಜಿ ತಂದ ಹತ್ತು ಗಾಜು. ಪುಡಿ ಹೋಗುವವರೆಗೆ ಪ್ರಯೋಗಾಲಯದವರ ಸ್ಪಿರಿಟ್ಟಿನಲ್ಲಿ ಭಾವ ತಾವೇ ತೊಳೆದರು. ಅದ್ದಿದರು, ಕಾಯಿಸಿದರು. ಮೂರು ಗಂಟೆ ಎಲ್ಲರೊಡನೆ ನಗುನಗುತ್ತಾ ಮಾತಾಡಿದರು. ಕಂಪನಿಯ ವಕೀಲನಿಗೆ ಕೂಡ ನಿಮ್ಮ ಕನ್ನಡಕದ ಎಡಗಡೆಯ ಕಡ್ಡಿ ಸಡಿಲವಾಗಿದೆ ಎಂದು ಹೇಳಿ ತಿರುಪು ಬಿಗಿದುಕೊಟ್ಟರು.

ಆಮೇಲೆ ಮೊದಲ ಗಾಜನ್ನು ಕೆಟಲ್ಲಿನ ಹಬೆಗೆ ಹಿಡಿದರು. ಬೆಳ್ಳಗಾಯಿತು. ಎರಡನೆಯದು ಬೆಳ್ಳಗಾಯಿತು. ಮೂರನೆಯದಕ್ಕೆ ಅವರ ಬಿಕ್ಕಳಿಕೆ ಶುರುವಾಯಿತು. ಹತ್ತೂ ಆಗುವವರೆಗೆ ಆ ಕೋಣೆಯಲ್ಲಿ ಬಿಕ್ಕಳಿಕೆ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಹತ್ತನೆಯ ಗಾಜನ್ನು ಕೆಳಗಿಟ್ಟು ಭಾವ ತಮ್ಮ ಎರಡೂ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಹದಿನಾಲ್ಕು ವರ್ಷದ ನೌಕರಿಯಲ್ಲಿ ನಾನು ಇಂಥದ್ದನ್ನು ನೋಡಿರಲಿಲ್ಲ.

ಈಗ ಕೇಳಲೇಬೇಕಾದ ಮಾತು. ಭಾವ ಆ ಕೊನೆಯ ಪಟ್ಟನ್ನು ಉಳಿಸಿಕೊಂಡಿದ್ದಾರೆಯೇ? ತಕರಾರಿಗೆ ಹೆದರದೆ ನಕ್ಕದ್ದು ಅದಕ್ಕೇ ಏನು? ಹಾಗಿದ್ದರೆ ಅವರು ಕಂಪನಿಗೆ ಮಾತ್ರವಲ್ಲ, ನನಗೂ ಮೋಸ ಮಾಡಿದ್ದಾರೆ. ಆ ಅರ್ಜಿಯ ಪ್ರತಿ ಹಾಳೆಯ ಕೆಳಗೆ ನನ್ನ ಸಹಿ ಇದೆ. ನೀನು ಅವರನ್ನು ಕೂರಿಸಿಕೊಂಡು ಕೇಳು. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ ಎಂದು ಗೊತ್ತು, ಹರಿದುಹಾಕುವುದಿಲ್ಲ.

ಗುಬ್ಬಿ

*

20 ಆಗಸ್ಟ್ 2001

ಗುಬ್ಬಿ,

ಕೇಳಿದೆ. ಕೇಳಬಾರದಿತ್ತು. ಇವರು ಇಷ್ಟು ಹೇಳಿದರು: "ಮುಚ್ಚಿಡೋಕೆ ನನ್ನ ಹತ್ರ ಏನೂ ಇಲ್ಲ ಕಣೇ. ನನ್ನ ಕೈಯೇ ಕೆಟ್ಟುಹೋಗಿದೆ."

ಮೂವತ್ತು ವರ್ಷದಿಂದ ಈ ಮನುಷ್ಯನನ್ನು ನೋಡುತ್ತಿದ್ದೇನೆ. ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ. ಕಿವಿ ಬೆಳ್ಳಗಿತ್ತು. ನಿನ್ನ ಕಾಗದವನ್ನು ಅವರಿಗೆ ತೋರಿಸಿಲ್ಲ, ತೋರಿಸುವುದೂ ಇಲ್ಲ. ಮೋಸ ಎಂಬ ಪದವನ್ನು ಕಂಪನಿಯವರು ಬರೆದಾಗ ಎದೆ ಧಸಕ್ಕೆಂದಿತ್ತು, ನೀನು ಬರೆದಾಗ ಕಣ್ಣು ಕತ್ತಲಿಟ್ಟಿತು.

ಬಂದ ಮರುದಿನವೇ ಅಂಗಡಿಯಲ್ಲಿ ಹನ್ನೆರಡು ಗಾಜು ಮಾಡಿದರು. ಹನ್ನೆರಡೂ ಸರಿಯಾದವು. ಹಬೆಗೆ ಹಿಡಿದರೆ ಒಂದು ಚುಕ್ಕೆಯೂ ಇಲ್ಲ. ಸಂತೋಷಪಡುತ್ತಾರೆಂದು ನಾನು ಕಾದೆ. ಅವರು ಇನ್ನಷ್ಟು ಹೆದರಿದರು. ಮನೆಯಲ್ಲಿ ಆಗುವುದು ಅಲ್ಲಿ ಏಕೆ ಆಗಲಿಲ್ಲ ಎಂದು ನೀರನ್ನು ಬೈದರು, ವಿದ್ಯುತ್ತನ್ನು ಬೈದರು, ಕೊನೆಗೆ ಇದುವರೆಗೆ ಆದದ್ದೆಲ್ಲ ಬರೀ ಅದೃಷ್ಟ ಎಂದರು. ಅಂಗಡಿಯ ಬಾಗಿಲು ಎಳೆದುಕೊಂಡಿದ್ದಾರೆ. ಸರ್ಜನ್ ಹೊಸ ಕನ್ನಡಕಕ್ಕೆ ಹೇಳಿಕಳಿಸಿದರೆ, ಬೇರೆ ಕಡೆ ಮಾಡಿಸಿಕೊಳ್ಳಲಿ, ನನ್ನ ಗಾಜನ್ನು ನಂಬಿ ಯಾರದಾದರೂ ಹೊಟ್ಟೆ ಕೊಯ್ಯುವುದು ಬೇಡ ಎಂದರು.

ನನಗೆ ನಿಮ್ಮ ಪ್ರಯೋಗಾಲಯದವರ ಮೇಲೇ ಗುಮಾನಿ. ಗಾಜನ್ನು ಸ್ಪಿರಿಟ್ಟಿನಲ್ಲಿ ತೊಳೆದರೆ ಅದೇನು ತೊಳೆದಂತೆಯೇ? ನಾನು ಬಂದಿದ್ದರೆ ಬಟ್ಟೆ ತಂದು ಹತ್ತನ್ನೂ ನೆಟ್ಟಗೆ ಒರೆಸಿಕೊಡುತ್ತಿದ್ದೆ.

ನಿನ್ನ ಅಕ್ಕ

*

25 ಆಗಸ್ಟ್ 2001

ಅಕ್ಕಾ,

ನಿನ್ನ ಕೊನೆಯ ಎರಡು ಸಾಲು ಓದಿ ಕುರ್ಚಿಯಿಂದ ಎದ್ದವಳು ಮತ್ತೆ ಕೂರಲಾಗಲಿಲ್ಲ. ನೇರವಾಗಿ ಕಡತದ ಕೋಣೆಗೆ ಹೋಗಿ ನಿನ್ನ ಹಳೆಯ ಒಂಬತ್ತು ಹಾಳೆಗಳನ್ನು ತೆಗೆದೆ.

ಮೂರನೆಯ ಹಾಳೆ. ಬಚ್ಚಲು, ಗಂಜಿ ನೀರು, ಪಟಿಕ, ಹಿಂಡಿದ ಬಟ್ಟೆ. ನೀನು ಎಲ್ಲವನ್ನೂ ಬರೆದಿದ್ದೆ. ಅದರ ಮೇಲೆ ಉದ್ದಕ್ಕೂ ಒಂದು ಕೆಂಪು ಗೆರೆ. ಅಂಚಿನಲ್ಲಿ ನನ್ನದೇ ಅಕ್ಷರ: ‘ಮನೆವಾರ್ತೆ. ಬೇಡ.’ ಆ ಐದು ಸಾಲುಗಳ ಜಾಗದಲ್ಲಿ ನಾನು ಅರ್ಜಿಗೆ ಹಾಕಿದ್ದು ಎರಡೇ ಪದ, ‘ಗಾಜನ್ನು ಸ್ವಚ್ಛಗೊಳಿಸಿ’.

ಮುಚ್ಚಿಟ್ಟವರು ಭಾವ ಅಲ್ಲ, ನಾನು. ಮೋಸ ಎಂದು ಬರೆದವಳೂ ನಾನೇ. ಇನ್ನೊಬ್ಬರ ಅರ್ಜಿಯಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಹಿಡಿಯುವವಳು ನಾನು. ದೀಪದ ಬುಡದಲ್ಲೇ ಕತ್ತಲೆ. ನಿನ್ನ ಕ್ಷಮೆ ಕೇಳುವ ಯೋಗ್ಯತೆಯೂ ಈಗ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಖಾತ್ರಿ ಮಾಡಿಕೊಳ್ಳಬೇಕು. ಐದು ಗಾಜನ್ನು ನಿನ್ನ ಬಟ್ಟೆಯಲ್ಲಿ ಒರೆಸು, ಐದನ್ನು ಸ್ಪಿರಿಟ್ಟಿನಲ್ಲಿ ಮಾತ್ರ ತೊಳೆ. ಗುರುತು ಹಾಕಿ ಎಲ್ಲವನ್ನೂ ಭಾವನ ತಟ್ಟೆಗೆ ಇಡು. ಏಕೆಂದು ಅವರಿಗೆ ಹೇಳಬೇಡ.

ನಾನು ಅಂದುಕೊಂಡಂತೆಯೇ ಆದರೆ, ಹಳೆಯ ಪೇಟೆಂಟ್ ಉಳಿಯುವುದಿಲ್ಲ. ಕೊಟ್ಟ ಅರ್ಜಿಗೆ ಆಮೇಲೆ ಹೊಸ ಹಂತ ಸೇರಿಸಲು ಕಾನೂನು ಬಿಡುವುದಿಲ್ಲ. ಆದರೆ ಆ ಹಂತ ಎಲ್ಲೂ ಅಚ್ಚಾಗಿಲ್ಲ, ಯಾರೂ ನೋಡಿಲ್ಲ, ಗಾಜನ್ನು ನೋಡಿದರೆ ತಿಳಿಯುವಂಥದ್ದೂ ಅಲ್ಲ. ಹೊಸ ಅರ್ಜಿ ಹಾಕಬಹುದು. ಅದು ನಿನ್ನ ಹೆಸರಿನಲ್ಲಿ ಹೋಗಬೇಕು ಅಕ್ಕಾ. ಆವಿಷ್ಕಾರ ನಿನ್ನದು.

ಗುಬ್ಬಿ

*

2 ಸೆಪ್ಟೆಂಬರ್ 2001

ಗುಬ್ಬಿ,

ಇನ್ನೊಂದೇ ಸಲ ಎಂದು ಇವರನ್ನು ಕಾಡಿ ಹತ್ತನ್ನೂ ಅದ್ದಿಸಿ ಕಾಯಿಸಿದೆ. ಹಬೆಗೆ ಹಿಡಿದರೆ ನನ್ನ ಐದೂ ಕನ್ನಡಿಯ ಹಾಗೆ ಬಂದವು. ಸ್ಪಿರಿಟ್ಟಿನ ಐದೂ ಹಾಲು ಬಳಿದ ಹಾಗೆ. ಇವರು ಆ ಐದನ್ನು ಕೈಯಲ್ಲಿ ಹಿಡಿದು, "ನೋಡಿದ್ಯಾ, ಇಲ್ಲೂ ಶುರುವಾಯ್ತು" ಎಂದು ಒಳಗೆ ಹೋಗಿ ಮಲಗಿಬಿಟ್ಟರು. ನಾನು ಬಚ್ಚಲ ಕಲ್ಲಿನ ಮೇಲೆ ಕೂತೆ. ಎಷ್ಟು ಹೊತ್ತು ಕೂತೆನೋ, ನಲ್ಲಿ ಹರಿದು ತೊಟ್ಟಿ ತುಂಬಿ ಸೀರೆ ನೆನೆದಾಗಲೇ ಎಚ್ಚರ.

ಅದೂ ಒಂದು ಆವಿಷ್ಕಾರವೇ? ಗಾಜು ಒರೆಸುವುದಕ್ಕೆ ಪೇಟೆಂಟ್ ಕೊಡುತ್ತಾರೆಂದರೆ ನಾಳೆ ಕಸ ಗುಡಿಸುವುದಕ್ಕೂ ಕೊಟ್ಟಾರು. ನಗಬೇಕೆಂದುಕೊಂಡೆ, ನಗು ಬರಲಿಲ್ಲ. ನಿನ್ನ ಮೇಲೆ ಸಿಟ್ಟು ಬಂತು, ‘ಮನೆವಾರ್ತೆ’ ಎಂದೆಯಲ್ಲ. ಆಮೇಲೆ ನನ್ನ ಮೇಲೆಯೇ ಬಂತು. ಎಂಟನೆಯ ಪ್ರಶ್ನೆಗೆ ‘ಇವರೊಬ್ಬರದೇ’ ಎಂದು ಬರೆದ ಕೈ ನನ್ನದೇ. ಹಿತ್ತಲ ಗಿಡ ಮದ್ದಲ್ಲ ಎಂದು ಜನ ಅನ್ನುವುದು ಬೇರೆ, ಗಿಡವೇ ಹಾಗೆ ಅಂದುಕೊಳ್ಳುವುದು ಬೇರೆ.

ಆದರೆ ನನ್ನ ಹೆಸರು ಬೇಡ. ಇವರಿಗೆ ಉಳಿದಿರುವುದು ‘ಮಂಜನ್ನು ಗೆದ್ದ ಮನುಷ್ಯ’ ಎಂಬ ಮಾತೊಂದೇ. ಗೆದ್ದದ್ದು ನೀವಲ್ಲ, ನನ್ನ ಹಳೇ ಬಟ್ಟೆ ಎಂದು ಯಾವ ಬಾಯಲ್ಲಿ ಹೇಳಲಿ? ಹೊಸ ಅರ್ಜಿಯನ್ನು ಇವರ ಹೆಸರಲ್ಲೇ ಹಾಕು. ನಾನು ಸುಮ್ಮನೆ ಒರೆಸಿಕೊಂಡಿರುತ್ತೇನೆ.

ನಿನ್ನ ಅಕ್ಕ

*

7 ಸೆಪ್ಟೆಂಬರ್ 2001

ಅಕ್ಕಾ,

ಆಗುವುದಿಲ್ಲ. ಮಾಡದವರ ಹೆಸರು ಹಾಕಿದ ಅರ್ಜಿ ಹುಟ್ಟುವಾಗಲೇ ಸತ್ತಿರುತ್ತದೆ. ಒಂದು ಸಲ ಗೊತ್ತಿಲ್ಲದೆ ಆ ತಪ್ಪು ಮಾಡಿದೆ, ಗೊತ್ತಿದ್ದೂ ಮಾಡಲಾರೆ. ನಾಳೆ ಅದೇ ಬಿಳಿ ಕೋಣೆಯಲ್ಲಿ, ಈ ಬಟ್ಟೆಯ ಉಪಾಯ ಹೊಳೆದದ್ದು ಹೇಗೆ ಎಂದು ಭಾವನನ್ನು ಕೇಳುತ್ತಾರೆ. ಅವರ ಕಿವಿ ಕೆಂಪಾಗುತ್ತದೆ. ನಿನ್ನ ಒಂಬತ್ತು ಹಾಳೆಗಳಿಗೆ ತಾರೀಖಿದೆ, ಒರೆಸಿದವಳು ನೀನೇ ಎನ್ನುವುದಕ್ಕೆ ಅದೇ ಸಾಕ್ಷಿ.

ಬಟ್ಟೆಯ ವಿಷಯವನ್ನು ಗುಟ್ಟಾಗಿ ಇಟ್ಟುಕೊಂಡು ಮೊದಲಿನಂತೆ ಅಂಗಡಿ ನಡೆಸಬಹುದಲ್ಲ ಎಂದು ನೀನು ಕೇಳಬಹುದು. ಅದನ್ನೂ ಯೋಚಿಸಿದೆ. ದ್ರಾವಣ, ಓವನ್ನು, ಗಂಟೆ ಎಲ್ಲವನ್ನೂ ನಾವೇ ಅಚ್ಚುಹಾಕಿಸಿ ಕೊಟ್ಟಿದ್ದೇವೆ. ಕಂಪನಿಯವರಿಗೆ ಬೇಕಿರುವುದು ಒಂದೇ ಒಂದು ಹಂತ. ಅವರ ಹನ್ನೊಂದು ಜನ ರಸಾಯನಶಾಸ್ತ್ರಜ್ಞರು ಈಗ ಅದನ್ನೇ ಹುಡುಕುತ್ತಿದ್ದಾರೆ ಎಂದು ಖಚಿತವಾಗಿ ಕೇಳಿದ್ದೇನೆ. ಒಬ್ಬನಿಗೆ ಹೊಳೆದು ಅವನು ಮೊದಲು ಅರ್ಜಿ ಹಾಕಿದರೆ, ನೀನು ನಿನ್ನ ಬಚ್ಚಲಲ್ಲಿ ನಿನ್ನ ಬಟ್ಟೆಯಿಂದ ಗಾಜು ಒರೆಸಲಿಕ್ಕೂ ಅವರೊಡನೆ ಕೋರ್ಟಿನಲ್ಲಿ ನಿಂತು ಜಗಳ ಆಡಬೇಕಾದೀತು. ಓದಿ ಬೆಚ್ಚಿಬಿದ್ದೆಯಾ? ಬರೆಯುವಾಗ ನಾನೂ ಬಿದ್ದೆ.

ಈ ಸಲ ನಾನು ಏನನ್ನೂ ಕತ್ತರಿಸುವುದಿಲ್ಲ. ಎಷ್ಟು ಗಂಜಿ, ಎಷ್ಟು ಪಟಿಕ, ಬಟ್ಟೆ ಯಾವುದು, ಎಷ್ಟು ಹಿಂಡಬೇಕು, ಎಷ್ಟು ಸಲ ಒರೆಸಬೇಕು ಎಲ್ಲ ಬರೆ. ಸಹಿಯ ಜಾಗದಲ್ಲಿ ನಿನ್ನ ಹೆಸರು ಹಾಕು. ಅರ್ಜಿ ದಾಖಲಾಯಿತೆಂದು ನಾನು ಬರೆಯುವವರೆಗೆ ಯಾರಿಗೂ ಒಂದಕ್ಷರ ಹೇಳಬೇಡ.

ಗುಬ್ಬಿ

*

15 ಸೆಪ್ಟೆಂಬರ್ 2001

ಪ್ರೀತಿಯ ಗುಬ್ಬಿಗೆ,

ಇದರ ಜೊತೆ ಹದಿನಾರು ಹಾಳೆ ಇವೆ. ಸಹಿ ಹಾಕಿದ್ದೇನೆ. ಹಾಕುವ ಮೊದಲು ಇವರ ಮುಂದೆ ಕೂತೆ. ಗಂಡನಿಗೆ ಗೊತ್ತಿಲ್ಲದ ಹಾಗೆ ಅವರ ಪೇಟೆಂಟನ್ನು ಬೀಳಿಸಿ ನನ್ನದನ್ನು ಎಬ್ಬಿಸಲು ನನ್ನಿಂದಾಗಲಿಲ್ಲ.

ಮೊದಲು ನಾನು ಗುರುತು ಹಾಕಿದ ಐದು ಮತ್ತು ಐದು ಗಾಜಿನ ಕಥೆ ಹೇಳಿದೆ. ಅದ್ದುವುದು ನೀವೇ, ಕಾಯಿಸುವುದು ನೀವೇ, ಆದರೆ ಅದಕ್ಕೆ ಮೊದಲು ನಾನು ಒರೆಸದಿದ್ದರೆ ದ್ರಾವಣ ಅಂಟುವುದಿಲ್ಲ ಎಂದೆ. ಇವರ ಮುಖದಲ್ಲಿ ರಕ್ತವೇ ಇರಲಿಲ್ಲ. ನಾನು ಮನಸ್ಸಿನಲ್ಲೇ ಆ ಹಿತ್ತಾಳೆ ಫಲಕವನ್ನು ಕೆಳಗಿಳಿಸಿ ಆಗಿತ್ತು. ಎಷ್ಟು ವರ್ಷದಿಂದ ಎಂದು ಕೇಳಿದರು. ಮೊದಲ ಗಾಜಿನಿಂದ ಎಂದೆ.

"ಅಂದ್ರೆ ನನ್ನ ದ್ರಾವಣ ಒಂದು ದಿನಾನೂ ಒಂಟಿಯಾಗಿ ಕೆಲಸ ಮಾಡಿಲ್ಲ," ಎಂದರು.

ಅವರು ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು, ನೀನು ಬರೆದಿದ್ದೆಯಲ್ಲ, ಹಾಗೆಯೇ.

"ಹಾಗಾದ್ರೆ ನನ್ನ ಕೈ ಕೆಟ್ಟಿಲ್ಲ."

ಅಷ್ಟು ಹೇಳಿ ಅತ್ತುಬಿಟ್ಟರು ಗುಬ್ಬಿ. ಅವಮಾನದಿಂದಲ್ಲ, ಬದುಕಿದೆ ಅನ್ನುವ ಹಾಗೆ. ಒಂದು ತಿಂಗಳು ಆ ಮನುಷ್ಯ ತನ್ನ ಕೈಗೆ ತಾನೇ ಹೆದರಿಕೊಂಡಿದ್ದ, ಮಗ್ಗುಲಲ್ಲೇ ಮಲಗುವ ನನಗೆ ಅದರ ಆಳ ತಿಳಿದಿರಲಿಲ್ಲ. ನಾನು ಅವರ ಹೆಸರನ್ನು ಕಾಯುತ್ತಿದ್ದೆ, ಅವರಿಗೆ ಬೇಕಿದ್ದದ್ದು ಕೈ. ಬಿಕ್ಕಳಿಕೆ ನಿಲ್ಲುವವರೆಗೆ ನೀರು ಕುಡಿಸಿದೆ. ಆಮೇಲೆ ತಾವೇ ಎದ್ದು ಹೋಗಿ ಅಂಗಡಿಯ ಬಾಗಿಲು ತೆರೆದರು. ಸರ್ಜನ್ನಿನ ಗಾಜಿಗೆ ಅಳತೆ ಹಾಕಿದರು.

ಉಜ್ಜಿದ ಗಾಜಿನ ತಟ್ಟೆಯನ್ನು ಇವತ್ತು ತಾವೇ ಹೊತ್ತು ಹಿತ್ತಲಿಗೆ ತಂದರು. ಮದುವೆಯಾದಾಗಿನಿಂದ ಅವರು ಆ ಬಚ್ಚಲಿಗೆ ಕೆಲಸದ ಹೊತ್ತಿನಲ್ಲಿ ಬಂದದ್ದು ಇದೇ ಮೊದಲು. ತೋಳು ಮಡಚಿ, ಕುಕ್ಕುರುಗಾಲಲ್ಲಿ ಕೂತು, ಶಾಲೆಗೆ ಬಂದ ಮಗುವಿನ ಹಾಗೆ ನನ್ನ ಮುಖ ನೋಡಿದರು.

"ಬಟ್ಟೇಲಿ ಏನ್ ಹಾಕ್ತೀಯ, ಹೇಗೆ ಹಿಂಡ್ತೀಯ, ಒಂದ್ಸಲ ತೋರಿಸು," ಎಂದರು.

ನಾನು ಅವರನ್ನು ಹೊರಗೆ ಕಳಿಸಿ ಒಳಗಿನಿಂದ ಚಿಲಕ ಹಾಕಿಕೊಂಡೆ. ಒರೆಸುತ್ತೇನೆ ಎಂದು ಹೇಳಿದ್ದಾಯಿತು, ಬಟ್ಟೆಗೆ ಏನು ಹಾಕುತ್ತೇನೆ ಎಂದು ಹೇಳಿಲ್ಲ. ಇನ್ನೂ ಬಾಗಿಲ ಬಳಿಯೇ ನಿಂತಿದ್ದಾರೆ, ನಂಬಲಿಕ್ಕಾಗದೆ. ಅರ್ಜಿ ಬೇಗ ದಾಖಲಿಸು ಮಾರಾಯ್ತಿ. ಯಾರಿಗೂ ಹೇಳಬೇಡ ಎಂದು ನೀನು ಬರೆದಿದ್ದೀಯ, ಯಾರಿಗೂ ಎಂದರೆ ಇವರಿಗೂ ಎಂದೇ ನಾನು ತಿಳಿದಿದ್ದೇನೆ.

ನಿನ್ನ ಅಕ್ಕ